ನಿರಾಯುಧನ ಅಧಿಕಾರ

ಚಿರಂಜೀವಿ ಮೊಮ್ಮಗನಿಗೆ ತಾತನ ಆಶೀರ್ವಾದಗಳು.

ನಿಮ್ಮ ಊರಿನ ಅಗ್ನಿಶಾಮಕ ಠಾಣೆಯವರಿಗೆ ಕರ್ತವ್ಯದ ವೇಳೆ ಪಿಸ್ತೂಲು ಧರಿಸುವ ಅನುಮತಿ ದೊರೆಯುವ ಸೂಚನೆಯಿದೆಯೆಂದೂ, ದೊರೆತರೆ ಮೊದಲು ಹೆಸರು ಕೊಡುವವರಲ್ಲಿ ನೀನೂ ಒಬ್ಬನೆಂದೂ ನಿನ್ನ ತಾಯಿ ದೂರವಾಣಿಯಲ್ಲಿ ತಿಳಿಸಿದಂದಿನಿಂದ ನನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಇದು ನಿನ್ನೊಬ್ಬನ ಪ್ರಶ್ನೆಯಾಗಿದ್ದರೆ ಲಕೋಟೆಯೊಳಗೇ ಮುಗಿಯುತ್ತಿತ್ತು. ಆದರೆ ಕನ್ನಡದ ಮನೆಗಳಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಬೆಳೆದ ಇತರ ಮಕ್ಕಳೂ ಇಂಥ ಸೇವೆಗೆ ಮನಸ್ಸು ಮಾಡಿಯಾರೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿನ್ನ ಭಯ ನಿರಾಧಾರವೆಂದು ನಾನು ಹೇಳಲಾರೆ. 2012ರ ಕ್ರಿಸ್‌ಮಸ್ಸಿನ ಹಿಂದಿನ ದಿನ ನ್ಯೂಯಾರ್ಕ್ ರಾಜ್ಯದ ವೆಬ್‌ಸ್ಟರ್‌ನಲ್ಲಿ ದುರುಳನೊಬ್ಬನು ತಾನೇ ಬೆಂಕಿಯಿಟ್ಟು, ಅದನ್ನು ನಂದಿಸಲು ಬಂದವರ ಮೇಲೆ ಗುಂಡುಹಾರಿಸಿ ಇಬ್ಬರನ್ನು ಕೊಂದುದನ್ನೂ, 2025ರ ಜೂನ್ ತಿಂಗಳಲ್ಲಿ ಐಡಹೊ ರಾಜ್ಯದ ಕೋರ್ ಡಲೇನ್ ಬಳಿಯ ಬೆಟ್ಟದಲ್ಲಿ ಅಂಥದೇ ವಂಚನೆಗೆ ಮತ್ತಿಬ್ಬರು ಬಲಿಯಾದುದನ್ನೂ ನಾನು ಓದಿದ್ದೇನೆ. ಟೆಕ್ಸಸ್ ರಾಜ್ಯವು 2021ರಲ್ಲಿ ಕೆಲವು ಪ್ರದೇಶಗಳ ತುರ್ತುಸೇವಕರಿಗೆ, ವಿಶೇಷ ತರಬೇತಿ ಪಡೆದ ಮೇಲೆ, ಆಯುಧ ಧರಿಸುವ ಅವಕಾಶ ಕೊಟ್ಟಿತೆಂಬುದೂ ನನಗೆ ಗೊತ್ತು. ಆದುದರಿಂದ ಎರಡು ಪಕ್ಷಗಳನ್ನೂ ತೂಗಿ ನೋಡಿಯೇ ಬರೆಯುತ್ತಿದ್ದೇನೆಂದು ನಂಬು.

ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿನಲ್ಲಿ ಶಿಕ್ಷಣ ಮುಗಿಸಿ ನಾನು ಉತ್ತರ ಕರ್ನಾಟಕದ ಒಂದು ಪಟ್ಟಣದ ಠಾಣೆಗೆ ಬಂದ ಕಾಲದಲ್ಲಿ ನಮ್ಮ ಸಮವಸ್ತ್ರವೂ ಖಾಕಿ, ಪೊಲೀಸರದೂ ಖಾಕಿ. ದೂರದಿಂದ ನೋಡಿದವರಿಗೆ ಭೇದ ತಿಳಿಯುತ್ತಿರಲಿಲ್ಲ. ಹತ್ತಿರ ಬಂದಾಗ ಮಾತ್ರ ನಮ್ಮ ಸೊಂಟಪಟ್ಟಿಯಲ್ಲಿ ತೂಗುತ್ತಿದ್ದ ಸಣ್ಣ ಕೊಡಲಿ ಕಾಣುತ್ತಿತ್ತು. ಕೋಮುಗಲಭೆಯ ಒಂದು ಸಂಜೆ ಬಟ್ಟೆ ಅಂಗಡಿಗಳ ಸಾಲಿಗೆ ಬೆಂಕಿ ಬಿದ್ದು, ನಮ್ಮ ಫೈರ್ ಇಂಜಿನ್ನು ಓಣಿಯ ಬಾಯಿಗೆ ಬಂದಾಗ, ಕೈಯಲ್ಲಿ ಕಲ್ಲು ಹಿಡಿದ ಜನ ಪೊಲೀಸರು ಬಂದರೆಂದು ಕೂಗುತ್ತ ಅಡ್ಡಗಟ್ಟಿದರು. ನಮ್ಮ ತಂಡದ ಹಿರಿಯ ಲೀಡಿಂಗ್ ಫೈರ್‌ಮನ್ ಕೆಳಗಿಳಿದು, ಎರಡೂ ಕೈಗಳನ್ನೆತ್ತಿ, ಸೊಂಟ ಕಾಣುವಂತೆ ಒಂದು ಸುತ್ತು ತಿರುಗಿ, "ನೋಡ್ರಪ್ಪಾ, ಈ ಕೊಡ್ಲಿ ಬಿಟ್ರ ನನ್ನ ಹತ್ರ ಏನೂ ಇಲ್ಲ. ಒಳಗ ಯಾರದಾರ, ಅದನ್ನ ಹೇಳ್ರಿ" ಎಂದರು. ಒಂದೆರಡು ಕಲ್ಲು ಬಿದ್ದುವು. ಒಬ್ಬನ ಹಣೆ ಒಡೆಯಿತು. ಆದರೆ ಗುಂಪಿನೊಳಗಿಂದಲೇ ಯಾರೋ, ಮೂರನೆಯ ಅಂಗಡಿಯ ಅಟ್ಟದ ಮೇಲೆ ಮುದುಕಿಯೂ ಮಕ್ಕಳೂ ಸಿಕ್ಕಿಕೊಂಡಿರುವರೆಂದು ಕೂಗಿ ಹೇಳಿದರು. ಕಲ್ಲು ಹಿಡಿದಿದ್ದ ಕೈಗಳೇ ನಮ್ಮ ಹೋಸ್ ಪೈಪನ್ನು ಎಳೆಯಲು ನೆರವಾದುವು. ನಾವು ಅವರೆಲ್ಲರನ್ನೂ ಜೀವಸಹಿತ ಇಳಿಸಿದೆವು.

ಮರುದಿನ ಮೇಲಿನವರು, ನಮ್ಮ ಹಿತಕ್ಕೆಂದೇ, ಬಂದೂಕು ಹಿಡಿದ ಇಬ್ಬರು ಪೇದೆಗಳನ್ನು ಇಂಜಿನ್ನಿನ ಮೇಲೆ ಹತ್ತಿಸಿ ಕಳುಹಿಸಿದರು. ಆ ದಿನ ನಮ್ಮ ಮುಂಗಾಜು ಪುಡಿಯಾಯಿತು. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಹಿಂದಿನ ಸಂಜೆ ದಾರಿ ಬಿಟ್ಟ ಅದೇ ಓಣಿಯಲ್ಲಿ ಬಾಗಿಲುಗಳು ಮುಚ್ಚಿಕೊಂಡುವು. ಯಾವ ಮನೆಯಲ್ಲಿ ಯಾರಿದ್ದಾರೆ, ನೀರಿನ ಬಾವಿ ಎಲ್ಲಿದೆ ಎಂದು ಕೇಳಿದರೆ ಉತ್ತರ ಹೇಳುವವರಿರಲಿಲ್ಲ. ಅಗ್ನಿಶಾಮಕನಿಗೆ ನೀರಿನಷ್ಟೇ ಅವಶ್ಯವಾದುದು ಸುದ್ದಿ. ಅದನ್ನು ಕೊಡತಕ್ಕವರು ಸುತ್ತ ನಿಂತ ಜನ. ಅವರು ಬಾಯಿ ಮುಚ್ಚಿದರೆ ನಾವು ಹೊಗೆಯಲ್ಲಿ ಕುರುಡರು. ಅದೇ ವಾರ, ಗುಂಪನ್ನು ಚದುರಿಸಲು ನಮ್ಮ ನೀರಿನ ಧಾರೆಯನ್ನು ಬಳಸಬೇಕೆಂಬ ಕೋರಿಕೆ ಬಂದಾಗ, ನಮ್ಮ ಅಧಿಕಾರಿ ಅದನ್ನು ಶಾಂತವಾಗಿ, ಆದರೆ ಖಂಡಿತವಾಗಿ, ನಿರಾಕರಿಸಿದರು. ಅವರೇಕೆ ಹಾಗೆ ಮಾಡಿದರೆಂದು ನಿನಗೆ ಅರ್ಥವಾಗಬೇಕಾದರೆ, 1963ರ ಮೇ ತಿಂಗಳಲ್ಲಿ ನಿಮ್ಮ ದೇಶದ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಸಮಾನ ಹಕ್ಕು ಬೇಡಿ ಬೀದಿಗಿಳಿದ ಕಪ್ಪು ಮಕ್ಕಳ ಮೇಲೆ ಅಗ್ನಿಶಾಮಕರ ನೀರಿನ ಧಾರೆಯನ್ನು ತಿರುಗಿಸಿದ ಚಿತ್ರಗಳನ್ನು ನೋಡು. ಪ್ರಾಣ ಉಳಿಸುವ ಸಾಧನವನ್ನು ಒಮ್ಮೆ ದಂಡನೆಗೆ ಬಳಸಿದರೆ, ಆ ಬೀದಿಯ ಜನ ಅದನ್ನು ಮರೆಯಲು ಎಷ್ಟು ತಲೆಮಾರು ಕಳೆಯಬೇಕು?

ನಾನು ಹೇಳಬೇಕಾದ ಮುಖ್ಯ ಮಾತು ಇದು. ಪೊಲೀಸನು ಪರರ ಮನೆಯನ್ನು ಶೋಧಿಸಬೇಕಾದರೆ ಸಾಮಾನ್ಯವಾಗಿ ವಾರಂಟು ಬೇಕು. ಉರಿಯುವ ಮನೆಯೊಳಗೆ ನುಗ್ಗಲು ನಿನಗೆ ಬೇಡ. 1978ರಲ್ಲಿ ಮಿಷಿಗನ್ ವಿರುದ್ಧ ಟೈಲರ್ ಎಂಬ ಮೊಕದ್ದಮೆಯಲ್ಲಿ ನಿಮ್ಮ ಸರ್ವೋಚ್ಚ ನ್ಯಾಯಾಲಯವೇ ಇದನ್ನು ಒಪ್ಪಿದೆ. ಮಧ್ಯರಾತ್ರಿಯಲ್ಲಿ ಅಪರಿಚಿತರ ಶಯನಗೃಹದವರೆಗೆ ಹೋಗಲು, ಅವರ ಮಗುವನ್ನು ಕೈಗೆತ್ತಿಕೊಳ್ಳಲು, ಅವರ ಮೈಮೇಲಿನ ಬಟ್ಟೆಯನ್ನು ಕತ್ತರಿಸಲು ನಿನಗಿರುವ ಅಧಿಕಾರ ಅರಸರಿಗೂ ಇರಲಿಲ್ಲ. ನೀನು ಯಾರನ್ನೂ ಬಂಧಿಸಲಾರೆ, ಯಾರನ್ನೂ ಕೊಲ್ಲಲಾರೆ ಎಂಬ ಭರವಸೆಯಿಂದಲೇ ಜನ ಅದನ್ನು ಮನಸಾರೆ ಒಪ್ಪಿದ್ದಾರೆ. ಆ ಭರವಸೆಯನ್ನು ನಿನ್ನ ಸೊಂಟದ ಪಿಸ್ತೂಲು ಮುರಿಯುತ್ತದೆ.

ಇಷ್ಟಾದರೂ ವಾದಿಸುವೆಯಾದರೆ, ಎಂಜಿನಿಯರಿಂಗ್ ಓದಿದ ನಿನ್ನ ಬುದ್ಧಿ ಎಲ್ಲಿ ಹೋಯಿತೆಂದು ಕೇಳುತ್ತೇನೆ. ತೋಟಾದೊಳಗಿನ ಮದ್ದು ಸುಮಾರು 200 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಪೂರ್ಣವಾಗಿ ಹೊತ್ತಲಿರುವ ಕೋಣೆಯ ಮೇಲ್ಭಾಗದ ಶಾಖ 500 ಡಿಗ್ರಿಯನ್ನು ಮೀರುತ್ತದೆ. ದಪ್ಪ ಕೋಟು, ಅದರ ಮೇಲೆ ಉಸಿರಾಟದ ಸಿಲಿಂಡರಿನ ಪಟ್ಟಿ, ಎರಡು ಕೈಗಳಲ್ಲಿ ನೀರಿನ ಧಾರೆ: ಪಿಸ್ತೂಲನ್ನು ಹೊರತೆಗೆಯುವುದು ಯಾವ ಮೂರನೆಯ ಕೈ? ಆಂಬುಲೆನ್ಸಿನಲ್ಲಿ, ರಕ್ತದ ಸಕ್ಕರೆ ಕುಸಿದು ಮತಿಗೆಟ್ಟವನ ಮೇಲೆ, ಅಪಸ್ಮಾರದಿಂದ ಎಚ್ಚರಗೊಳ್ಳುತ್ತಿರುವವನ ಮೇಲೆ ನೀನು ಬಾಗಿ ನಿಂತಾಗ, ನಿನ್ನ ಸೊಂಟ ಅವನ ಕೈಯಳತೆಯಲ್ಲಿರುತ್ತದೆ. ವೆಬ್‌ಸ್ಟರ್‌ನ ಹಂತಕನು ಮಣ್ಣಿನ ದಿಬ್ಬದ ಮರೆಯಿಂದ ರೈಫಲ್ ಹಾರಿಸಿದನು. ಸತ್ತವರಲ್ಲೊಬ್ಬರು ವೃತ್ತಿಯಿಂದ ಪೊಲೀಸ್ ಅಧಿಕಾರಿಗಳೇ ಆಗಿದ್ದರು. ಅವರ ಆಯುಧವಿದ್ಯೆ ಆ ಮರೆಯ ಗುಂಡನ್ನು ತಡೆಯಲಿಲ್ಲ. ಇದನ್ನೆಲ್ಲ ಕಂಡೂ ಹೆಸರು ಕೊಡಲು ಓಡುವುದು ವಿವೇಕವೇ, ಮಗು? ಭಯಕ್ಕೆ ಆಯುಧ ತೊಡಿಸಿದರೆ ಅದು ಧೈರ್ಯವಾಗುವುದಿಲ್ಲ.

ಗಟ್ಟಿಯಾಗಿ ಮಾತನಾಡಿದೆ, ನೊಂದುಕೊಳ್ಳಬೇಡ. 1949ರ ಜಿನೀವಾ ಒಪ್ಪಂದವು ಸೇನೆಯ ವೈದ್ಯಕೀಯ ಸಿಬ್ಬಂದಿಗೂ ಆತ್ಮರಕ್ಷಣೆಗಾಗಿ, ಗಾಯಾಳುಗಳ ರಕ್ಷಣೆಗಾಗಿ ಆಯುಧವನ್ನು ನಿಷೇಧಿಸಿಲ್ಲವೆಂದು ನೀನು ಹೇಳಬಹುದು. ನಿಜ, ಪೊಲೀಸರ ವಿಶೇಷ ದಳದೊಡನೆ ಹೋಗುವ ವೈದ್ಯಸಹಾಯಕನ ವಿಷಯವೂ ಬೇರೆಯೇ. ಆದರೆ ಅದೇ ಯುದ್ಧಭೂಮಿಗಳಲ್ಲಿ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯು ತನ್ನ ವಾಹನಗಳಿಗೆ ಆಯುಧವನ್ನು ಹತ್ತಗೊಡುವುದಿಲ್ಲ. 2008ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನೊಳಗೆ ಗುಂಡುಗಳು ಹಾರುತ್ತಿದ್ದಾಗ ಅಲ್ಲಿನ ಅಗ್ನಿಶಾಮಕರು ಕಿಟಕಿಗಳಿಗೆ ಏಣಿ ಚಾಚಿ ಜನರನ್ನು ಇಳಿಸಿದರು. ಅವರ ಕೈಯಲ್ಲಿ ಬಂದೂಕಿರಲಿಲ್ಲ.

ನಿನ್ನ ಪ್ರಾಣ ನನಗೆ ಯಾವ ತತ್ತ್ವಕ್ಕಿಂತಲೂ ದೊಡ್ಡದು. ಆದುದರಿಂದ ಪಿಸ್ತೂಲಿನ ಬದಲು ನಿಮ್ಮ ಮುಖ್ಯಸ್ಥರ ಮುಂದೆ ಹೋಗಿ ಇವನ್ನು ಹಟಹಿಡಿದು ಕೇಳು: ಪ್ರತಿ ವಾಹನದಲ್ಲಿಯೂ ಗುಂಡುನಿರೋಧಕ ಕವಚ, ಹಿಂದೆ ಹಿಂಸೆ ನಡೆದ ವಿಳಾಸಗಳ ಬಗ್ಗೆ ನೀವು ಠಾಣೆ ಬಿಡುವ ಮೊದಲೇ ಎಚ್ಚರಿಕೆ, ಸಂಶಯವಿರುವಲ್ಲಿ ಪೊಲೀಸರು ಸ್ಥಳವನ್ನು ಸುರಕ್ಷಿತವೆನ್ನುವವರೆಗೆ ದೂರದಲ್ಲಿ ಕಾಯುವ ಕಟ್ಟುನಿಟ್ಟಾದ ನಿಯಮ, ಕಾಯಲಾಗದಲ್ಲಿ ಪೊಲೀಸರ ಕಾವಲಿನೊಳಗೇ ಗಾಯಾಳುಗಳ ಬಳಿಗೆ ಸಾಗುವ ಜಂಟಿ ತರಬೇತಿ. 1999ರ ಕೊಲಂಬೈನ್ ಶಾಲೆಯ ದುರಂತದ ಅನಂತರದ ವರ್ಷಗಳಲ್ಲಿ ನಿಮ್ಮ ದೇಶದ ಅನೇಕ ಊರುಗಳು ಈ ದಾರಿಯನ್ನು ಹಿಡಿದಿವೆ. ಮನೆ ಉರಿಯುತ್ತಿರುವಾಗ ದೂರ ನಿಂತು ಕಾಯುವುದು ನಮ್ಮ ವೃತ್ತಿಯವರಿಗೆ ಅತ್ಯಂತ ಕಠಿಣವಾದ ಶಿಸ್ತು, ಅದನ್ನು ಕಲಿ. ನಿರ್ಣಯ ನಿನ್ನದೇ. ಆದರೆ ಹೆಸರು ಕೊಡುವ ಮುನ್ನ ಇಷ್ಟನ್ನೂ ಕೇಳಿ, ಸಿಕ್ಕ ಉತ್ತರವನ್ನು ನನಗೆ ಬರೆ.

ಇತಿ, ನಿನ್ನ ಶ್ರೇಯಸ್ಸನ್ನು ಕೋರುವ
ತಾತ