ಆರೋಗ್ಯ ಪ್ರಶ್ನೋತ್ತರ: ಟ್ರಂಕು ತುಂಬುವ ಮೊದಲು

ಪ್ರಶ್ನೆ: ನಮ್ಮೂರು ಗಡಹಿಂಗ್ಲಜ ತಾಲ್ಲೂಕಿನ ಮಹಾಗಾಂವ. ಮಗಳಿಗೆ ಧಾರವಾಡದಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿದೆ. ಹಾಸ್ಟೆಲಿಗೆ ಬಿಡುತ್ತಿದ್ದೇವೆ. ಚಿಕ್ಕಂದಿನಿಂದ ದಮ್ಮು, ಮಳೆ ಹಿಡಿದರೆ ಹೆಚ್ಚು. ಇಷ್ಟು ವರ್ಷ ಹೊತ್ತುಹೊತ್ತಿಗೆ ಔಷಧ ಕೊಟ್ಟವಳು ನಾನೇ. ರೂಮಿನ ಹುಡುಗಿಯರ ಮುಂದೆ ದಮ್ಮಿನ ಪಂಪ್ (ಇನ್‌ಹೇಲರ್) ತೆಗೆಯಬೇಡ, ನಾಳೆ ಲಗ್ನಕ್ಕೆ ಅಡ್ಡಿಯಾದೀತು ಎಂದು ಹೇಳಿದ್ದೇನೆ. ಇನ್ನೇನೇನು ಕಟ್ಟಿ ಕಳಿಸಲಿ?

ಉತ್ತರ: ತಾಯೀ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ನೀವು ಹೇಗೂ ಕಟ್ಟುತ್ತೀರಿ. ನನ್ನ ಚಿಂತೆ ಟ್ರಂಕಿನದಲ್ಲ, ಪಂಪ್ ಬಚ್ಚಿಡು ಎಂದಿರಲ್ಲ, ಆ ಮಾತಿನದು. ದಮ್ಮು ಹೆಚ್ಚಾಗಿ ಏಳುವುದು ರಾತ್ರಿ, ನಸುಕಿನಲ್ಲಿ. ಆಗ ಪಕ್ಕದ ಮಂಚದ ಹುಡುಗಿಗೆ ಆ ಪಂಪ್ ಎಲ್ಲಿದೆ, ಯಾವ ಬಣ್ಣದ್ದು ಎಂದು ಗೊತ್ತಿರಬೇಕು. ಬಚ್ಚಿಟ್ಟುಕೊಳ್ಳುವ ಮಕ್ಕಳು ಪಂಪ್ ಸೇದುವುದನ್ನು ಮುಂದೂಡುತ್ತಾರೆ. ದಮ್ಮು ಕೈಮೀರುವುದು ಆ ತಡದಿಂದಲೇ. ಪಂಪ್ ಚಟವೂ ಅಲ್ಲ, ರೋಗ ಬಲಿತ ಗುರುತೂ ಅಲ್ಲ. ಗುಳಿಗೆಯ ಮದ್ದು ಮೈಯೆಲ್ಲ ಸುತ್ತಬೇಕು, ಇದರ ಮದ್ದು ಸ್ವಲ್ಪ ಪ್ರಮಾಣದಲ್ಲೇ ನೇರ ಶ್ವಾಸನಾಳಕ್ಕೆ ಇಳಿಯುತ್ತದೆ.

ಹೊರಡಲು ಎಷ್ಟು ದಿನ ಉಳಿದಿವೆಯೋ ಅಷ್ಟೂ ದಿನ ಔಷಧ ಅವಳ ಕೈಯಲ್ಲಿರಲಿ, ನೀವು ನೋಡುತ್ತ ಕೂತಿರಿ. ದಿನವೂ ಸೇದುವ, ಊತ ತಗ್ಗಿಸುವ ಪಂಪ್ ಬೇರೆ, ಉಸಿರು ಕಟ್ಟಿದಾಗಿನ ಸಾಲ್ಬುಟಮಾಲ್ ಬೇರೆ. ಆರಾಮಿದ್ದೇನೆಂದು ಮೊದಲನೆಯದನ್ನು ಬಿಟ್ಟುಬಿಡುವುದೇ ಹಾಸ್ಟೆಲಿನ ಮಕ್ಕಳು ಮಾಡುವ ತಪ್ಪು. ಚೆನ್ನಾಗಿ ಅಲುಗಾಡಿಸಿ, ಉಸಿರು ಹೊರಬಿಟ್ಟು, ಒತ್ತುತ್ತಲೇ ನಿಧಾನವಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಪಂಪಿಗೆ ಸಿಕ್ಕಿಸುವ ಕೊಳವೆ, ಸ್ಪೇಸರ್, ಇದ್ದರೆ ಇನ್ನೂ ಒಳ್ಳೆಯದು. ದಿನದ ಪಂಪಿನ ನಂತರ ಬಾಯಿ ಮುಕ್ಕಳಿಸಲಿ. ಸಾಲ್ಬುಟಮಾಲ್ ನಾಲ್ಕು ಸಲ ಸೇದಿಯೂ ಹಗುರಾಗದಿದ್ದರೆ, ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಗಟ್ಟಿದರೆ ವಾರ್ಡನ್‌ರನ್ನು ಎಬ್ಬಿಸಿ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು.

ಧಾರವಾಡದ ಮಳೆ ಜಿಟಿಜಿಟಿ. ಗೋಡೆ ಬೂಸ್ಟು ಹಿಡಿಯುತ್ತದೆ. ಕಿಟಕಿಯ ಪಕ್ಕದ ಮಂಚ ಕೇಳಿ, ಬಿಸಿಲು ಬಿದ್ದ ದಿನ ಗಾದಿ ಒಣಗಿಸಲು ಹೇಳಿ. ನಿಮ್ಮ ವೈದ್ಯರ ಚೀಟಿ ಮರಾಠಿಯಲ್ಲಿದ್ದರೆ ಔಷಧದ ಮೂಲ ಹೆಸರು, ಪ್ರಮಾಣ, ಒಗ್ಗದ ಮದ್ದು ಯಾವುದು ಎಂಬುದನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಮೊಬೈಲಿನಲ್ಲೂ ಇಡಿ.

ಲಸಿಕೆಗಳನ್ನು ಈಗಲೇ ವಿಚಾರಿಸಿ. 16ನೇ ವಯಸ್ಸಿನ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆ ಆಗಿದೆಯೇ? ಸೀತಾಳೆ ಸಿಡುಬು ಬಂದೇ ಇಲ್ಲದಿದ್ದರೆ ಅದಕ್ಕೆ ಎರಡು ಡೋಸು, ಟೈಫಾಯ್ಡಿಗೆ ಒಂದು. ದಮ್ಮಿದ್ದವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ 15 ದಾಟಿದವರಿಗೆ ಆರು ತಿಂಗಳಲ್ಲಿ ಮೂರು ಸಲ. ಜೊತೆಗೆ ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. 12ಕ್ಕಿಂತ ಕಡಿಮೆಯಿದ್ದರೆ ವೈದ್ಯರು ಕಬ್ಬಿಣಾಂಶದ ಗುಳಿಗೆ ಕೊಡುತ್ತಾರೆ. ಅದನ್ನು ಚಹಾದ ಜೊತೆ ನುಂಗಬಾರದು. ಬೆಲ್ಲ ತಿಂದರೆ ರಕ್ತ ಏರುತ್ತದೆಂದು ನಮ್ಮ ಕಬ್ಬಿನ ಸೀಮೆಯಲ್ಲಿ ನಂಬುತ್ತಾರೆ. ಆ ನಂಬಿಕೆ ಗುಳಿಗೆಯ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಕೊಲ್ಹಾಪುರದ ಹಾಸ್ಟೆಲಿನಲ್ಲಿದ್ದೇನೆ. ಬೆರಳಸಂದಿ, ಸೊಂಟದಲ್ಲಿ ರಾತ್ರಿ ವಿಪರೀತ ತುರಿಕೆ. ರೂಮಿನ ಇನ್ನಿಬ್ಬರಿಗೂ ಶುರುವಾಗಿದೆ. ಅಂಗಡಿಯಲ್ಲಿ ಒಂದು ಟ್ಯೂಬ್ ಕೊಟ್ಟರು, ಗುಣವಿಲ್ಲ.

ಉತ್ತರ: ಇದು ಬಹುಮಟ್ಟಿಗೆ ತುರಿಕಜ್ಜಿ. ಶಾಹೂ ಮಹಾರಾಜರು 1901ರಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ತೆರೆದಾಗಿನಿಂದ ಕೊಲ್ಹಾಪುರ ಬೋರ್ಡಿಂಗುಗಳ ಊರು. ಹತ್ತು ಜನ ಒತ್ತಟ್ಟಿಗೆ ಮಲಗುವಲ್ಲಿ ಈ ಕಜ್ಜಿ ತರುವ ಹುಳುವೂ ಇರುತ್ತದೆ. ನಾಚಿಕೆ ಬೇಡ. ವೈದ್ಯರಿಗೆ ತೋರಿಸಿ ಶೇ. 5ರ ಪರ್ಮೆಥ್ರಿನ್ ಬರೆಸಿಕೊಳ್ಳಿ. ಕತ್ತಿನಿಂದ ಅಂಗಾಲಿನವರೆಗೆ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆಯಿರಿ, ವಾರದ ನಂತರ ಮತ್ತೊಮ್ಮೆ. ಮೂವರೂ ಒಂದೇ ರಾತ್ರಿ ಹಚ್ಚದಿದ್ದರೆ ಹುಳು ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಬಟ್ಟೆ, ಚಾದರ ಬಿಸಿನೀರಿಗೆ ಹಾಕಿ. ಹುಳು ಸತ್ತ ಮೇಲೂ ಎರಡು-ನಾಲ್ಕು ವಾರ ತುರಿಕೆ ಇರಬಹುದು, ಹೆದರಬೇಡಿ. ಆ ಟ್ಯೂಬ್ ವೈದ್ಯರಿಗೆ ತೋರಿಸಿ. ಸ್ಟಿರಾಯ್ಡ್ ಬೆರೆತ ಮುಲಾಮು ರೋಗದ ಮೋರೆಯನ್ನೇ ಮರೆಮಾಚುತ್ತದೆ.

ಪ್ರಶ್ನೆ: ಇಚಲಕರಂಜಿಯಲ್ಲಿ ಮಗ್ಗದ ಕೆಲಸ ನನ್ನದು. ಮಗ ಹಾಸ್ಟೆಲಿಗೆ ಹೋಗಿ ಮೂರು ವಾರ. ದಿನಾ ಫೋನಿನಲ್ಲಿ ಅಳುತ್ತಾನೆ. ಕರೆತಂದುಬಿಡಲೇ?

ಉತ್ತರ: ಮೂರು ವಾರದ ಅಳು ರೋಗವಲ್ಲ, ಮನೆಯ ನೆನಪು. ಬಹಳಷ್ಟು ಮಕ್ಕಳು ಒಂದೆರಡು ತಿಂಗಳಲ್ಲಿ ಹೊಂದಿಕೊಳ್ಳುತ್ತಾರೆ. ಗಂಡಸಾಗಿ ಅಳಬೇಡ ಎಂದು ಬೈಯಬೇಡಿ. ದಿನಕ್ಕೆ ಹತ್ತು ಸಲ ಫೋನೂ ಬೇಡ, ರಾತ್ರಿ ಊಟವಾದ ಮೇಲೆ ಒಮ್ಮೆ ನೆಮ್ಮದಿಯಿಂದ ಮಾತಾಡಿ. ಆದರೆ ಊಟ, ನಿದ್ದೆ ಎರಡೂ ಬಿಟ್ಟಿದ್ದರೆ, ತರಗತಿಗೇ ಹೋಗದಿದ್ದರೆ, ಯಾರಾದರೂ ರ‍್ಯಾಗಿಂಗ್ ಮಾಡುತ್ತಿದ್ದರೆ ನೀವೇ ಹೋಗಿ ಬನ್ನಿ. ಸಾಯುವ ಮಾತು ಬಂದರೆ ಅದೇ ದಿನ ಹೊರಡಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416, ಹಗಲಿರುಳು ಉಚಿತ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು. ಈ ಸಂಖ್ಯೆಯನ್ನು ಮಗನಿಗೆ ಇವತ್ತೇ ಬರೆಸಿ.