ಎಂಟು ಛಾಯಾಚಿತ್ರಗಳು

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಗೂಢಲಿಪಿಯನ್ನು ಭೇದಿಸಲು ಇಂಗ್ಲೆಂಡಿನ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಅವರು ‘ಕೊಲೋಸಸ್’ ಎಂಬ ಗಣಕಯಂತ್ರವನ್ನು ನಿರ್ಮಿಸಿದರು. 1944ರಲ್ಲಿ ಅದು ಬ್ಲೆಚ್ಲಿ ಪಾರ್ಕಿನಲ್ಲಿ ಕೆಲಸಕ್ಕೆ ತೊಡಗಿತು. ಯುದ್ಧಾನಂತರ, ಗುಟ್ಟು ಬಯಲಾಗಬಾರದೆಂದು ಯಂತ್ರಗಳನ್ನು ಕಳಚಿ, ನಕ್ಷೆಗಳನ್ನು ಸುಡಲಾಯಿತು.

1993ರಲ್ಲಿ ಟೋನಿ ಸೇಲ್ ಅವರು ಅದನ್ನು ಮರಳಿ ಕಟ್ಟಲು ಹೊರಟಾಗ ದೊರೆತವು 1945ರ ಎಂಟು ಛಾಯಾಚಿತ್ರಗಳು ಮತ್ತು ಹಳೆಯ ಎಂಜಿನಿಯರುಗಳು ಉಳಿಸಿಕೊಂಡಿದ್ದ ಕೆಲವು ನಕ್ಷೆಯ ತುಣುಕುಗಳು. ಚಿತ್ರಗಳಿಂದಲೇ ಅಳತೆಗಳನ್ನು ಲೆಕ್ಕಹಾಕಿದರು. 2007ರಲ್ಲಿ ಯಂತ್ರವು ಮತ್ತೆ ಗೂಢಲಿಪಿಯನ್ನು ಬಿಡಿಸಿತು.

ಇಂದು ವಸ್ತುಸಂಗ್ರಹಾಲಯದಲ್ಲಿ ಅದರ ಚಿತ್ರ ತೆಗೆಯುವವರು ಇದನ್ನು ನೆನೆಯಬೇಕು. ಕಳೆದುಹೋದುದು ಯಂತ್ರವಾಗಲಿ, ಊರಾಗಲಿ, ಚಿತ್ರವೇ ಸಾಕ್ಷಿ. ಕಾಳಿ ನದಿಯ ಜಲಾಶಯದಲ್ಲಿ ಮುಳುಗಿದ ಹಳೆಯ ಸೂಪಾ ಪಟ್ಟಣವನ್ನು ಅರಿಯಲೂ ಹಿರಿಯರ ನೆನಪು, ಹಳೆಯ ಚಿತ್ರಗಳೇ ಆಧಾರ. ಚಿತ್ರದ ಹಿಂದೆ ಸ್ಥಳ, ದಿನಾಂಕ ಬರೆದು ಜೋಪಾನವಾಗಿಡುವುದು ಮುಂದಿನವರಿಗೆ ಮಾಡುವ ಉಪಕಾರ.