ವಾರದ ಮೊದಲನೆಯ ದಿನದ ಕಾಣಿಕೆ
(ಓದತಕ್ಕ ಭಾಗಗಳು: 1 ಕೊರಿಂಥ 16:1–4, 2 ಕೊರಿಂಥ 8, ಮಾರ್ಕ 12:38–44)

ಕಾಣಿಕೆಯ ಮಾತನ್ನೆತ್ತಿದ ಕೂಡಲೇ ಹಳ್ಳಿಯ ಸಭೆಗಳಲ್ಲಿ ಮೂರು ಉತ್ತರಗಳು ಕೇಳಿಬರುತ್ತವೆ. ನಾವು ಬಡವರೆಂದು ಒಬ್ಬನು ಹೇಳುವನು. ಸಭೆಯ ಖರ್ಚನ್ನು ಮೇಲಿನವರು ನೋಡಿಕೊಳ್ಳುವರೆಂದು ಮತ್ತೊಬ್ಬನು ಹೇಳುವನು. ಕೊಟ್ಟ ಹಣವು ಏನಾಗುವದೋ ಯಾರು ಬಲ್ಲರು ಎಂಬದು ಮೂರನೆಯವನ ಮಾತು. ಈ ಮೂರು ಮಾತುಗಳಲ್ಲಿ ಒಂದನ್ನಾದರೂ ಸುಮ್ಮನೆ ತಳ್ಳಿಬಿಡಲಾಗದು. ಅಪೊಸ್ತಲನಾದ ಪೌಲನು ಇವುಗಳಿಗೆ ಏನು ಉತ್ತರ ಕೊಡುತ್ತಾನೆಂದು ವಿಚಾರಿಸೋಣ.

ಕ್ಲೌದ್ಯ ಚಕ್ರವರ್ತಿಯ ಕಾಲದಲ್ಲಿ ಬರ ಬಂದಾಗ ಅಂತಿಯೋಕ್ಯದ ಶಿಷ್ಯರು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಯೂದಾಯದ ಸಹೋದರರಿಗೆ ಸಹಾಯವನ್ನು ಕಳುಹಿಸಿದರು (ಅ. ಕೃ. 11). ಕೆಲವು ವರ್ಷಗಳಾದ ಮೇಲೆ ಪೌಲನು ಯೆರೂಸಲೇಮಿನ ಬಡವರಿಗೋಸ್ಕರ ಗಲಾತ್ಯ, ಮಕೆದೋನ್ಯ, ಅಖಾಯ ಸೀಮೆಗಳ ಸಭೆಗಳಲ್ಲಿ ಹಣವನ್ನು ಕೂಡಿಸಿದನು. ಸುಮಾರು ಕ್ರಿ. ಶ. 55ರಲ್ಲಿ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಅದಕ್ಕೆ ಒಂದು ಕ್ರಮವನ್ನು ಕೊಟ್ಟನು.

1. ನಾವು ಬಡವರು ಎಂಬ ಮಾತು.

ಪೌಲನ ಕ್ರಮದಲ್ಲಿ ಮೂರು ಅಂಶಗಳುಂಟು. ಪ್ರತಿಯೊಬ್ಬನು ಕೊಡಬೇಕು, ವಾರದ ಮೊದಲನೆಯ ದಿನದಲ್ಲಿ ಎತ್ತಿಡಬೇಕು, ತನಗೆ ಬಂದ ಆದಾಯಕ್ಕೆ ತಕ್ಕಂತೆ ಇಡಬೇಕು. ಇಷ್ಟೇ ರೂಪಾಯಿ ಎಂದು ಅವನು ಯಾರಿಗೂ ಗೊತ್ತುಮಾಡಲಿಲ್ಲ. ತನ್ನಲ್ಲಿ ಇಲ್ಲದ್ದನ್ನು ಕೊಡಬೇಕೆಂದು ದೇವರು ಒಬ್ಬನನ್ನೂ ಕೇಳುವದಿಲ್ಲವೆಂದೇ ಎರಡನೆಯ ಪತ್ರದಲ್ಲಿ ತಿಳಿಸುತ್ತಾನೆ. ಹತ್ತು ಚೀಲ ರಾಗಿ ಬೆಳೆದವನಿಗೆ ಒಂದು ಅಳತೆ, ದಿನಗೂಲಿಯವನಿಗೆ ಇನ್ನೊಂದು ಅಳತೆ. ಕೂಲಿ ಸಿಕ್ಕದ ವಾರದಲ್ಲಿ ಬರಿಗೈಯಲ್ಲಿ ಆಲಯಕ್ಕೆ ಬಂದವನು ತಲೆ ತಗ್ಗಿಸಬೇಕಾದದ್ದಿಲ್ಲ. ಸುಗ್ಗಿಯ ಹಬ್ಬದಲ್ಲಿ ನಾಲ್ಕು ಜನರು ನೋಡಲೆಂದು ಸಾಹುಕಾರನಲ್ಲಿ ಸಾಲ ಮಾಡಿ ಕಾಣಿಕೆ ಕೊಡುವದು ಭಕ್ತಿಯಲ್ಲ. ಅದು ಮಕ್ಕಳ ಅನ್ನವನ್ನು ಬಡ್ಡಿಗೆ ಒಪ್ಪಿಸುವದೇ ಸರಿ.

ಆದರೂ ಬಡತನವು ಕೊಡುವದನ್ನು ತಡೆಯಲಾರದು. ಫಿಲಿಪ್ಪಿ, ಥೆಸಲೋನಿಕ ಮೊದಲಾದ ಮಕೆದೋನ್ಯದ ಸಭೆಗಳವರು ಹಿಂಸೆಯಲ್ಲಿಯೂ ಕಡುಬಡತನದಲ್ಲಿಯೂ ಇದ್ದು, ತಮಗೂ ಪಾಲು ಕೊಡಬೇಕೆಂದು ತಾವೇ ಬೇಡಿಕೊಂಡರು. ಉಳಿದರೆ ಕೊಡೋಣವೆನ್ನುವ ಮನೆಯಲ್ಲಿ ಎಂದೂ ಉಳಿಯುವದಿಲ್ಲ. ಆದಕಾರಣವೇ ಮೊದಲು ಎತ್ತಿಡತಕ್ಕದ್ದು.

ಇನ್ನೊಂದು ಮಾತು. ಹರಕೆ ಕಟ್ಟಿ ತೀರಿಸುವ ಪದ್ಧತಿಯನ್ನು ನಮ್ಮ ಹಿರಿಯರು ಬಲ್ಲರು: ಕೆಲಸವಾದರೆ ಕೊಡುವೆನು, ಆಗದಿದ್ದರೆ ಇಲ್ಲ. ಕ್ರೈಸ್ತನ ಕಾಣಿಕೆಯು ಅಂಥ ವ್ಯಾಪಾರವಲ್ಲ. ಐಶ್ವರ್ಯವಂತನಾಗಿದ್ದ ಕರ್ತನು ನಮಗೋಸ್ಕರ ಬಡವನಾದನೆಂಬದೇ ಪೌಲನು ಹೇಳುವ ಕಾರಣ. ನಾವು ಮುಂದೆ ಹೊಂದುವದಕ್ಕಲ್ಲ, ಆಗಲೇ ಹೊಂದಿದ್ದರಿಂದ ಕೊಡುತ್ತೇವೆ.

2. ಮೇಲಿನವರು ನೋಡಿಕೊಳ್ಳುವರು ಎಂಬ ಮಾತು.

ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಶಾಲೆ, ಆಲಯ, ಮಗ್ಗ, ಹೆಂಚಿನ ಕಾರ್ಖಾನೆ ಇವೆಲ್ಲಾ ಏರ್ಪಟ್ಟವು. ಆದರೆ 1914ರಲ್ಲಿ ಮಹಾಯುದ್ಧವು ಪ್ರಾರಂಭವಾದ ಮೇಲೆ ಜರ್ಮನ್ ಮಿಷನೆರಿಗಳು ಸೆರೆಯಲ್ಲಿಡಲ್ಪಟ್ಟು, ಬಳಿಕ ದೇಶ ಬಿಡಬೇಕಾಯಿತು. ಕಾರ್ಖಾನೆಗಳು ಮಿಷನಿನ ಕೈತಪ್ಪಿದವು. ದೂರದೇಶದಲ್ಲಿ ಹೊತ್ತಿದ ಬೆಂಕಿಯು ಇಲ್ಲಿಯ ಸಭೆಗಳ ಒಲೆಯನ್ನು ಆರಿಸಬಲ್ಲದೆಂದು ಆಗ ತಿಳಿದುಬಂತು. ಬೇರೆಯವರ ಕೊಡದಿಂದ ನೀರು ಕುಡಿಯುವವನು ಅವರು ಕೊಡ ಎತ್ತಿಕೊಂಡ ದಿನ ಬಾಯಾರುವನು.

ನಮ್ಮ ದೇಶದಲ್ಲಿಯೇ ಬೇರೆ ದೃಷ್ಟಾಂತಗಳುಂಟು. ತಿರುನೆಲ್ವೇಲಿಯ ಕ್ರೈಸ್ತರು ವಿ. ಎಸ್. ಅಜರಯ್ಯನವರ ಪ್ರೇರಣೆಯಿಂದ 1903ರಲ್ಲಿ ತಮ್ಮದೇ ಆದ ಮಿಷನರಿ ಸಂಘವನ್ನು ಸ್ಥಾಪಿಸಿ, ತಮ್ಮ ಹಣದಿಂದ ತೆಲುಗು ಸೀಮೆಯ ದೋರ್ನಕಲ್ಲಿಗೆ ಸುವಾರ್ತಿಕರನ್ನು ಕಳುಹಿಸಿದರು. ಅಜರಯ್ಯನವರು 1912ರಲ್ಲಿ ಅಲ್ಲಿಯ ಬಿಷಪ್ಪರಾದರು. ಇಂದು ಮಿಜೋರಾಮ್ ಎನ್ನಿಸಿಕೊಳ್ಳುವ ಬೆಟ್ಟದ ಸೀಮೆಯ ಸಭೆಗಳಲ್ಲಿ 1910ರಿಂದ ಹಿಡಿ ಅಕ್ಕಿಯ ಕಾಣಿಕೆ ನಡೆದುಬಂದಿದೆ. ಮನೆಯ ಹೆಂಗಸು ಅಡಿಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಯಲ್ಲಿಡುವಳು. ಸಭೆಯ ಸ್ತ್ರೀಯರು ಮನೆಮನೆಯ ಅಕ್ಕಿಯನ್ನು ಕೂಡಿಸುವರು. ಅದನ್ನು ಮಾರಿದ ಹಣವು ಸಭೆಯ ಕೆಲಸಕ್ಕೆ ಹೋಗುವದು. ಸಂಬಳ ಕಾಣದ ಕೈಗೂ ಇಲ್ಲಿ ಕಾಣಿಕೆ ಇದೆ. ಈ ಹಿಡಿಯು ಉಂಡು ಮಿಕ್ಕದ್ದಲ್ಲ, ಬೇಯಿಸುವದಕ್ಕೆ ಮೊದಲು ತೆಗೆದದ್ದು ಎಂಬದನ್ನು ಗಮನಿಸಿರಿ. ತನ್ನ ಉಪದೇಶಕನಿಗೆ ತಾನೇ ಅನ್ನವಿಡುವ ಸಭೆಯು ಅವನ ಮಾತನ್ನು ತನ್ನವನ ಮಾತೆಂದು ಕೇಳುವದು.

3. ಹಣವು ಏನಾಗುವದೋ ಎಂಬ ಮಾತು.

ಇದನ್ನು ಅಪನಂಬಿಗಸ್ತಿಕೆ ಎಂದು ಗದರಿಸಬಾರದು. ಪೌಲನು ಆ ಹಣವನ್ನು ಒಬ್ಬನೇ ಮುಟ್ಟಲಿಲ್ಲ. ತೀತನನ್ನೂ ಅವನೊಂದಿಗೆ ಇಬ್ಬರು ಸಹೋದರರನ್ನೂ ಆ ಕೆಲಸಕ್ಕೆ ಕಳುಹಿಸಿದನು. ಅವರಲ್ಲಿ ಒಬ್ಬನನ್ನು ಸಭೆಗಳೇ ಆರಿಸಿದ್ದವು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಿಂದೆಯಿಲ್ಲದೆ ಇರಬೇಕೆಂಬದು ಅವನ ಚಿಂತೆ. ಅಪೊಸ್ತಲನೇ ಲೆಕ್ಕಕ್ಕೆ ಒಳಪಟ್ಟಿರಲಾಗಿ ಹಳ್ಳಿಯ ಹಿರಿಯನು ಒಳಪಡಬಾರದೋ? ಪೆಟ್ಟಿಗೆಯನ್ನು ಇಬ್ಬರು ಕೂಡಿ ಎಣಿಸಲಿ. ಆ ದಿನವೇ ಪುಸ್ತಕದಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಜಮೆಯನ್ನೂ ಖರ್ಚನ್ನೂ ಸಭೆಯ ಮುಂದೆ ಗಟ್ಟಿಯಾಗಿ ಓದಲಿ. ಇಂಥವನು ಇಷ್ಟು ಕೊಟ್ಟನೆಂದು ಹೆಸರು ಹಿಡಿದು ಓದುವದು ಬೇಡ. ಅದು ಒಬ್ಬನನ್ನು ಉಬ್ಬಿಸಿ ಇನ್ನೊಬ್ಬನನ್ನು ನಾಚಿಸುವದು.

ಎರಡು ಕಾಸು ಹಾಕಿದ ಬಡ ವಿಧವೆಯನ್ನು ಕರ್ತನು ಮೆಚ್ಚಿದನೆಂದು ನಾವು ಅನೇಕ ಸಾರಿ ಕೇಳಿದ್ದೇವೆ. ಆ ಮಾತಿಗೆ ಸ್ವಲ್ಪ ಮುಂಚೆ, ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಅವನು ಖಂಡಿಸಿದ್ದನ್ನೂ ಓದಬೇಕು. ವಿಧವೆಯ ಕಥೆಯು ಕೊಡುವವರಿಗೆ ಧೈರ್ಯ. ಶಾಸ್ತ್ರಿಗಳ ಕಥೆಯು ತೆಗೆದುಕೊಳ್ಳುವವರಿಗೆ ಎಚ್ಚರಿಕೆ. ಕಾಣಿಕೆ ಬಾಕಿಯೆಂದು ಹೇಳಿ ಯಾವ ಬಡವನ ಮನೆಯ ಶವಸಂಸ್ಕಾರವನ್ನಾಗಲಿ ಮಗುವಿನ ದೀಕ್ಷಾಸ್ನಾನವನ್ನಾಗಲಿ ತಡೆಯಬಾರದು. ಕರ್ತನ ಕೃಪೆಗೆ ಬೆಲೆಯಿಲ್ಲ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು:

1. ನಮ್ಮ ಮನೆಗೆ ಬಂದ ಆದಾಯದಲ್ಲಿ ಮೊದಲು ಎತ್ತಿಡುವದು ಯಾವದಕ್ಕೆ?
2. ಹೊರಗಿನ ಸಹಾಯವು ನಾಳೆ ನಿಂತರೆ ನಮ್ಮ ಸಭೆಯಲ್ಲಿ ಯಾವ ಕೆಲಸ ಉಳಿಯುವದು, ಯಾವದು ನಿಲ್ಲುವದು?
3. ನಮ್ಮ ಸಭೆಯ ಲೆಕ್ಕವನ್ನು ಕಡೆಯ ಸಾರಿ ಎಲ್ಲರ ಮುಂದೆ ಓದಿದ್ದು ಯಾವಾಗ?